ಖಾಲಿ ಹೊಟ್ಟೆಯ ರಕ್ತ

ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳಗ್ಗೆ ಏಳಕ್ಕೆಲ್ಲ ಲ್ಯಾಬುಗಳ ಬಾಗಿಲಲ್ಲಿ ಜನ ಕೂತಿರುತ್ತಾರೆ. ಹೆಚ್ಚಿನವರು ಶುಗರ್ ಇರುವವರು. ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಅವರ ಮನೆಯವರು. ಕಾಫಿ ಕೂಡ ಕುಡಿದು ಬಂದಿಲ್ಲ. ಚೀಲದಲ್ಲಿ ತಿಂಡಿಯ ಡಬ್ಬಿ ಇದೆ. ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಾದು ಮತ್ತೊಮ್ಮೆ ತೋಳು ಚಾಚಬೇಕು. ಹಸಿದಾಗಿನ ರಕ್ತ ಒಂದು ಮಾತು ಹೇಳುತ್ತದೆ, ಉಂಡ ಮೇಲಿನ ರಕ್ತ ಇನ್ನೊಂದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಒಂದು ದೊಡ್ಡ ಆಸೆಯ ಬಗ್ಗೆ ಯೋಚಿಸೋಣ. ಕ್ಯಾನ್ಸರ್ ತಲೆ ಎತ್ತುವ ಮೊದಲೇ ಅದನ್ನು ಹನಿ ರಕ್ತದಲ್ಲಿ ಗುರುತಿಸಬಹುದೆ?

ಆಸೆಗೆ ಆಧಾರವಿದೆ. ದೇಹ ಉಂಡದ್ದನ್ನು ಒಡೆಯುತ್ತ, ಬೇಕಾದ್ದನ್ನು ಕಟ್ಟಿಕೊಳ್ಳುತ್ತ, ಬೇಡದ್ದನ್ನು ಹೊರಗೆ ಹಾಕುತ್ತ ಇರುವಾಗ ಸಾವಿರಾರು ಬಗೆಯ ಸಣ್ಣ ಅಣುಗಳು ರಕ್ತದಲ್ಲಿ ಓಡಾಡುತ್ತವೆ. ಸಕ್ಕರೆ, ಅಮೈನೋ ಆಮ್ಲ, ಲ್ಯಾಕ್ಟೇಟ್, ಯೂರಿಯಾ, ಕೊಬ್ಬಿನ ಬಗೆಬಗೆಯ ಅಂಶಗಳು. ಇವೇ ಮೆಟಾಬೊಲೈಟ್‌ಗಳು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ತೂಕದ ಮೇಲೆ ಇವುಗಳಲ್ಲಿ ನೂರಾರನ್ನು ಒಂದೇ ಸಲಕ್ಕೆ ಬೇರ್ಪಡಿಸಿ ಗುರುತಿಸುತ್ತದೆ. ಕ್ಯಾನ್ಸರ್ ಕೋಶ ಉಳಿದ ಕೋಶಗಳ ಹಾಗೆ ಉಣ್ಣುವುದಿಲ್ಲ. ಜರ್ಮನಿಯ ಓಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಕಂಡಿದ್ದ. ಆಮ್ಲಜನಕ ಬೇಕಾದಷ್ಟು ಇದ್ದರೂ ಗಡ್ಡೆಯ ಕೋಶ ಸಕ್ಕರೆಯನ್ನು ಪೂರ್ತಿ ಉರಿಸದೆ, ಗಬಗಬನೆ ನುಂಗಿ, ಲ್ಯಾಕ್ಟೇಟ್ ಮಾಡಿ ಹೊರಚೆಲ್ಲುತ್ತದೆ. ಇವತ್ತಿನ ಪೆಟ್ ಸ್ಕ್ಯಾನ್ ನಿಂತಿರುವುದು ಈ ಹಸಿವಿನ ಮೇಲೆಯೇ. ವಿಕಿರಣ ಸೂಸುವ ಸಕ್ಕರೆಯಂಥ ಪದಾರ್ಥವನ್ನು ರಕ್ತಕ್ಕೆ ಬಿಟ್ಟು, ಅದು ಎಲ್ಲಿ ಹೋಗಿ ಶೇಖರವಾಗುತ್ತದೆ ಎಂದು ನೋಡುತ್ತಾರೆ. ಕೋಶದ ಊಟ ಹೀಗೆ ಬದಲಾದರೆ ರಕ್ತದಲ್ಲೂ ಸುಳಿವು ಸಿಗಬೇಕಲ್ಲ!

ನ್ಯೂ ಟೌನಿನವರಿಗೆ ಈ ತರ್ಕ ಹೊಸದೇನಲ್ಲ. 1923ರಿಂದ ಕಬ್ಬಿಣ ಕರಗಿಸಿದ ಊರು ಇದು. ಕುಲುಮೆಯಲ್ಲಿ ಟನ್ನುಗಟ್ಟಲೆ ಲೋಹ ಕುದಿಯುತ್ತಿದ್ದರೂ ಒಂದಿಷ್ಟು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ, ಇಂಗಾಲ ಎಷ್ಟು, ಗಂಧಕ ಎಷ್ಟು ಎಂದು ತಿಳಿದುಕೊಂಡ ಮೇಲೆಯೇ ಮುಂದಿನ ಕೆಲಸ. ಆದರೆ ಉಕ್ಕು ತಿಂಡಿ ತಿನ್ನುವುದಿಲ್ಲ, ನಿದ್ದೆಗೆಡುವುದಿಲ್ಲ, ಬಿಪಿ ಮಾತ್ರೆ ನುಂಗುವುದಿಲ್ಲ. ರಕ್ತ ಇದಕ್ಕೆಲ್ಲ ಬದಲಾಗುತ್ತದೆ. ಟ್ಯೂಬಿಗೆ ಬಿದ್ದ ಮೇಲೂ ಅದರ ಕೋಶಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ; ಲ್ಯಾಬಿನವರು ತಡ ಮಾಡಿದರೆ ಲೆಕ್ಕ ತಪ್ಪುತ್ತದೆ.

ಆದರೂ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ ಬೆರಗಾಗದೆ ಇರುವುದು ಕಷ್ಟ. ಮೇದೋಜೀರಕದ ಕ್ಯಾನ್ಸರ್ ತೀರಾ ತಡವಾಗಿ ಗೊತ್ತಾಗುವ ಕಾಯಿಲೆ. ಅಮೆರಿಕದ ಸಂಶೋಧಕರು, ಆರೋಗ್ಯವಾಗಿದ್ದವರಿಂದ ವರ್ಷಗಳ ಹಿಂದೆ ತೆಗೆದಿಟ್ಟಿದ್ದ ರಕ್ತವನ್ನು ಹೊರತೆಗೆದು ನೋಡಿದರು. ಮುಂದೆ ಈ ಕ್ಯಾನ್ಸರ್ ಬಂದವರ ರಕ್ತದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು ಹೆಚ್ಚಿದ್ದವು. ರೋಗ ಪತ್ತೆಯಾಗುವ ಎರಡರಿಂದ ಐದು ವರ್ಷ ಮೊದಲು ಕೊಟ್ಟ ರಕ್ತದಲ್ಲಿ ಈ ನಂಟು ಎಲ್ಲಕ್ಕಿಂತ ಗಟ್ಟಿಯಾಗಿ ಕಂಡಿತು. ಮೈಯ ಮಾಂಸಖಂಡ ಸದ್ದಿಲ್ಲದೆ ಕರಗಲು ಶುರುವಾಗಿತ್ತು, ತಕ್ಕಡಿಗೆ ಇನ್ನೂ ಗೊತ್ತಿರಲಿಲ್ಲ, ರಕ್ತಕ್ಕೆ ಗೊತ್ತಿತ್ತು.

ಆದರೆ ಇದೇ ಮೂರು ಅಮೈನೋ ಆಮ್ಲಗಳು ಮುಂದೆ ಸಕ್ಕರೆ ಕಾಯಿಲೆ ಬರಲಿರುವವರಲ್ಲೂ ಏರುತ್ತವೆ. ಬೊಜ್ಜಿದ್ದವರಲ್ಲೂ ಏರುತ್ತವೆ. ನಮ್ಮ ಬೀದಿಯಲ್ಲಿ ಹತ್ತು ಜನರ ರಕ್ತ ನೋಡಿದರೆ ಈ ಏರಿಕೆಗೆ ಕಾರಣ ಯಾವುದು ಅಂತ ಹೇಳೋಣ? ರಕ್ತ ಸುಳ್ಳು ಹೇಳುವುದಿಲ್ಲ, ನಿಜ. ಯಾರ ವಿಷಯ ಹೇಳುತ್ತಿದ್ದೇನೆ ಅಂತ ಮಾತ್ರ ಬಿಡಿಸಿ ಹೇಳುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಇದು ಬರೀ ಕಲ್ಪನೆಯ ಲೆಕ್ಕ. ಭದ್ರಾವತಿಯಲ್ಲಿ ಒಂದು ಲಕ್ಷ ಜನರಿಗೆ ಪರೀಕ್ಷೆ ಮಾಡಿದೆವು, ಅವರಲ್ಲಿ 20 ಜನರಿಗೆ ಮೇದೋಜೀರಕದ ಕ್ಯಾನ್ಸರ್ ಇದೆ ಎನ್ನಿ. ಪರೀಕ್ಷೆ 20 ಜನರನ್ನೂ ಹಿಡಿಯಿತು. ಆರೋಗ್ಯವಂತರಲ್ಲೂ ನೂರಕ್ಕೆ 95 ಮಂದಿಗೆ ಸರಿಯಾಗಿಯೇ ಹೇಳಿತು. ಒಳ್ಳೆಯ ಪರೀಕ್ಷೆಯೇ. ಆದರೂ ಏನೂ ಇಲ್ಲದ ಸುಮಾರು 5,000 ಮಂದಿ ಮನೆಗೆ ಹೋಗಿ ಅಂದು ರಾತ್ರಿ ನಿದ್ದೆ ಮಾಡುವುದಿಲ್ಲ. ಸ್ಕ್ಯಾನು, ಬಯಾಪ್ಸಿ, ಸಾಲ ಎಲ್ಲ ಅದರ ಹಿಂದೆಯೇ ಬರುತ್ತವೆ.

ಕಲ್ಪನೆ ಸಾಕು ಅನ್ನುವವರಿಗೆ ಜಪಾನಿನ ಕಥೆ ಇದೆ. ಎಳೆಯ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್, ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಒಡೆದು ಉಳಿದ ಮೆಟಾಬೊಲೈಟ್‌ಗಳು ಮೂತ್ರದಲ್ಲಿ ಸಿಗುತ್ತವೆ. ಸೂಜಿ ಚುಚ್ಚುವ ಪ್ರಶ್ನೆಯೇ ಇಲ್ಲ. 1980ರ ದಶಕದ ನಡುವಿನಲ್ಲಿ ಜಪಾನ್ ಸರ್ಕಾರ ದೇಶದ ಆರು ತಿಂಗಳ ಕೂಸುಗಳಿಗೆಲ್ಲ ಈ ಪರೀಕ್ಷೆ ಏರ್ಪಾಡು ಮಾಡಿತು. ಗಡ್ಡೆಗಳು ಸಿಕ್ಕವು, ಮೊದಲಿಗಿಂತ ಎಷ್ಟೋ ಹೆಚ್ಚು ಸಿಕ್ಕವು, ಆಪರೇಷನ್ ಆದವು. ಗೆದ್ದೆವು ಅಂತಲೇ ಎಲ್ಲರೂ ತಿಳಿದರು. ಆದರೆ 2002ರಲ್ಲಿ, ಇಂಥದೇ ಪರೀಕ್ಷೆ ನಡೆಸಿ ನೋಡಿದ್ದ ಜರ್ಮನಿಯಿಂದಲೂ ಕೆನಡಾದ ಕ್ವಿಬೆಕ್‌ನಿಂದಲೂ ವರದಿಗಳು ಬಂದವು: ಹೀಗೆ ಹುಡುಕಿದ್ದರಿಂದ ಸಾವು ಕಡಿಮೆಯಾಗಿಲ್ಲ. ಕೂಸಿನ ವಯಸ್ಸಿನಲ್ಲಿ ಕಾಣುವ ಇಂಥ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಕರಗಿ ಹೋಗುವಂಥವು. ಕೊಲ್ಲುವ ಜಾತಿ ಬೇರೆ, ಅದು ಈ ಬಲೆಗೆ ಬೀಳುತ್ತಿರಲಿಲ್ಲ. ಜಪಾನ್ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ತಾನಾಗಿಯೇ ಕರಗಿಹೋಗಬಹುದಾಗಿದ್ದ ಗಡ್ಡೆಗಾಗಿ ಕತ್ತರಿ ಕಂಡ ಮಗುವಿನ ತಾಯಿಗೆ ಯಾರು ಏನು ಹೇಳಿಯಾರು? ಅವಳ ಪಾಲಿಗೆ ಆ ಪರೀಕ್ಷೆಯೇ ಮಗುವನ್ನು ಉಳಿಸಿತು. ಹಾಗೆ ನಂಬುವುದು ಅವಳ ತಪ್ಪೂ ಅಲ್ಲ.

ಹಾಗಂತ ರಕ್ತದ ಈ ವಿದ್ಯೆ ವ್ಯರ್ಥವಲ್ಲ. ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ ಒಂದು ಜೀನ್ ಕೆಟ್ಟು, 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಮೆಟಾಬೊಲೈಟ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಔಷಧಿ ಹತ್ತಿದರೆ ಅದು ಇಳಿಯುತ್ತದೆ. ರೋಗ ಇದೆ ಎಂದು ಗೊತ್ತಿರುವವರಲ್ಲಿ ಚಿಕಿತ್ಸೆಯ ಜಾಡು ಹಿಡಿಯಲು ಇಂಥ ಅಣುಗಳು ನೆರವಾಗುತ್ತವೆ. ಏನೂ ತೊಂದರೆ ಇಲ್ಲದವರಿಗೆ ಹೆಲ್ತ್ ಪ್ಯಾಕೇಜಿನ ಹೆಸರಿನಲ್ಲಿ ಕ್ಯಾನ್ಸರ್ ಮಾರ್ಕರ್ ಮಾರುವುದು ಮಾತ್ರ ನನಗೆ ಸರಿಕಾಣದು.

ಇನ್ನು ನಮ್ಮ ಊರಿನ ಮಾತು. ಶಿವಮೊಗ್ಗ ಜಿಲ್ಲೆಗೆ ಅಡಿಕೆಯೇ ಅನ್ನ. ತೋಟದವರ ಮನ ನೋಯಿಸಲು ನನಗೂ ಇಷ್ಟವಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಹಾಕಿದ ಎಲೆಅಡಿಕೆಯನ್ನು 1985ರಲ್ಲೂ, ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನು 2004ರಲ್ಲೂ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿತು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಈಗ ಅಡಿಕೆಗೊಂದು, ಹೊಗೆಸೊಪ್ಪಿಗೊಂದು ಎಂದು ಚೀಟಿ ಎರಡಾಗಿ ಬಂದು ಬಾಯಲ್ಲಿ ಒಂದಾಗುತ್ತದೆ, ಅಷ್ಟೇ ವ್ಯತ್ಯಾಸ. ಇಲ್ಲಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಲ್ಲಿ ಬಾಯಿಗೆ ಟವೆಲು ಮುಚ್ಚಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ.

ಬಾಯಿಯ ಕ್ಯಾನ್ಸರ್ ಮಾತ್ರ ಅಡಗಿ ಕೂರುವಂಥದ್ದಲ್ಲ. ಕ್ಯಾನ್ಸರ್ ಆಗುವ ಮೊದಲೇ ಬಿಳಿ ಮಚ್ಚೆಯಾಗಿಯೋ ಕೆಂಪು ಮಚ್ಚೆಯಾಗಿಯೋ ಕಾಣಿಸಬಹುದು. ಕೆಲವರಲ್ಲಿ ಕೆನ್ನೆಯ ಒಳಗು ಗಟ್ಟಿಯಾಗಿ, ಖಾರ ತಿಂದರೆ ಉರಿದು, ಮೂರು ಬೆರಳು ಒಳಗೆ ಹೋಗದಷ್ಟು ಬಾಯಿ ಬಿಗಿಯುತ್ತದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 2004ರವರೆಗೆ ಸುಮಾರು 1.9 ಲಕ್ಷ ಜನರನ್ನು ಒಳಗೊಂಡ ಅಧ್ಯಯನ ನಡೆಯಿತು. ಅರ್ಧದಷ್ಟು ಊರುಗಳಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು. ಅವರು ಡಾಕ್ಟರುಗಳಲ್ಲ, ಕೈಯಲ್ಲಿ ಯಂತ್ರವೂ ಇರಲಿಲ್ಲ. ಹೊಗೆಸೊಪ್ಪು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಮೂರನೇ ಒಂದರಷ್ಟು ಇಳಿಯಿತು. ಇಂಥ ಫಲವನ್ನು ರಕ್ತದ ಯಾವ ಮೆಟಾಬೊಲೈಟೂ ಇನ್ನೂ ತೋರಿಸಿಲ್ಲ. ಸ್ಪೆಕ್ಟ್ರೋಮೀಟರಿನ ಕೆಲಸ ಮುಂದುವರಿಯಲಿ, ಒಳಗೆ ಅಡಗಿರುವ ಮೇದೋಜೀರಕಕ್ಕೆ ಅದು ಬೇಕೇ ಬೇಕು. ಕಣ್ಣಿಗೆ ಕಾಣುವುದನ್ನು ನೋಡದೆ ಕಾಣದ್ದಕ್ಕಾಗಿ ಕಾಯುವುದು ಮಾತ್ರ ನನಗೆ ವಿಚಿತ್ರವಾಗಿ ತೋರುತ್ತದೆ.

ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಅಡಿಕೆಯನ್ನೋ ಹೊಗೆಸೊಪ್ಪನ್ನೋ ಜಗಿಯುವವರಿದ್ದರೆ, ಶುಗರ್ ಪರೀಕ್ಷೆಗೆ ಹೊರಟ ದಿನವೇ ಅವರನ್ನೂ ಕರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬಾಯಿ ತೋರಿಸಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ನಾಳೆಗೆ ಬಿಡಬೇಡಿ.