ತಂಗಿಯ ಪಾಲು



ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ತಂದೆಯ ಆಸ್ತಿ ಕೇಳಿದಾಗ, ಅವರ ಮಾತು ನ್ಯಾಯವೆಂದು ಸರ್ವೇಶ್ವರನೇ ಮೋಶೆಗೆ ತಿಳಿಸಿದರು.

1952ರ ಮೊದಲ ಚುನಾವಣೆಯಲ್ಲೇ ನಮ್ಮ ತಾಯಂದಿರು ಓಟು ಹಾಕಿದರು. ಆದರೂ ಹಳೆಯ ತಿರುವಾಂಕೂರಿನ ಕ್ರೈಸ್ತ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ, ಅದೂ 5,000 ರೂಪಾಯಿ ಮೀರದಂತೆ. ಮೇರಿ ರಾಯ್ ಹೋರಾಡಿದರು. 1986ರಲ್ಲಿ ಸುಪ್ರೀಂ ಕೋರ್ಟು ಸಮಪಾಲು ಕೊಡಿಸಿತು.

ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣದ ನಮ್ಮ ಮನೆಗಳಿಗೂ ಅದೇ 1925ರ ಕಾಯ್ದೆ: ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು. ಆದರೆ "ತವರು ಬೇಕಾದರೆ ಸಹಿ ಹಾಕು" ಎನ್ನುವ ಅಣ್ಣಂದಿರು ನಮ್ಮಲ್ಲಿಲ್ಲವೇ?

ಅಣ್ಣಾ, ತಂಗಿಯ ಕಣ್ಣೀರು ಬಿದ್ದ ಕಾಗದ ಮನೆಯಲ್ಲಿದ್ದರೆ, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವಳ ಮನೆಗೆ ಹೋಗು. ಯೇಸುಸ್ವಾಮಿ ಹೇಳಿದ್ದೂ ಅದನ್ನೇ.