ನಾಯಿಯ ಪರವಾಗಿ ಕ್ಷಮಿಸಲು ನಾನ್ಯಾರು?

“ನಿಮ್ಮ ಧರ್ಮದಾಗ ಇರಿವಿ ತುಳಿದರೂ ಪಾಪ ಅಂತೀರಿ. ಒಂದು ನಾಯಿ ಬೊಗಳಿದರ ಸಹಿಸಲಿಕ್ಕೆ ಆಗಂಗಿಲ್ಲೇನ್ರಿ ಅಕ್ಕೋರ?”

ಪಕ್ಕದ ಮನೆಯವರು ಗೇಟಿನ ಆಚೆ ನಿಂತು ಹೀಗೆ ಕೇಳಿದರು. ಚುಚ್ಚಬೇಕೆಂದೇ ಆಡಿದ ಮಾತು. ಆದರೂ ಅದರೊಳಗೊಂದು ನಿಜವಾದ ಪ್ರಶ್ನೆ ಇದೆ. ನಾನು ಜೈನಳು. ಧಾರವಾಡದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಪ್ರಾಣಿದಯೆಯ ಮಾತನ್ನು ತರಗತಿಯಲ್ಲೂ ಬಸದಿಯಲ್ಲೂ ಆಡುತ್ತ ಬಂದಿದ್ದೇನೆ. ನೆರೆಯವರ ನಾಯಿಯಿಂದ ಓಣಿಗೆಲ್ಲ ತೊಂದರೆಯಾಗುತ್ತಿರುವಾಗ ದಯೆ ಅಂದರೆ ಏನು? ಬಾಯಿ ಮುಚ್ಚಿಕೊಂಡು ಸಹಿಸುವುದೇ?

ಅದು ಮುಧೋಳ ನಾಯಿ. ಹಗಲೆಲ್ಲ ಮಹಡಿ ಮೆಟ್ಟಿಲ ಕೆಳಗಿನ ಕಬ್ಬಿಣದ ಕಂಬಕ್ಕೆ ಕಟ್ಟಿರುತ್ತಾರೆ. ಸರಪಳಿ ಒಬ್ಬ ಮನುಷ್ಯನ ಎತ್ತರದಷ್ಟೂ ಇಲ್ಲ. ಅದು ತಿರುಗಿ ತಿರುಗಿ ಕಂಬದ ಸುತ್ತ ಅರ್ಧಚಂದ್ರದ ಹಾಗೆ ನೆಲ ಸವೆದಿದೆ. ಆ ಗೆರೆಯೊಳಗೆ ಹುಲ್ಲಿಲ್ಲ, ಮಣ್ಣು ಗಾರೆಯಷ್ಟು ನುಣುಪು. ಕೊರಳಪಟ್ಟಿ ಉಜ್ಜಿದಲ್ಲಿ ಕೂದಲು ಉದುರಿ ಚರ್ಮ ಕಾಣುತ್ತದೆ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆಲ್ಲ ಮೆಟ್ಟಿಲ ನೆರಳು ಗೋಡೆಗೆ ಸರಿದುಬಿಡುತ್ತದೆ. ನೀರಿನ ಬೋಗುಣಿ ಸರಪಳಿ ತಾಗಿ ಮಗುಚಿದರೆ ಸಂಜೆಯವರೆಗೆ ಯಾರೂ ಎತ್ತಿಡುವುದಿಲ್ಲ. ಮನೆಯವರು ಊರಿಗೆ ಹೋಗುವಾಗ ತಾಟಿನ ತುಂಬ ಅನ್ನ ಸಾರು ಕಲಸಿಟ್ಟು ಹೋಗುತ್ತಾರೆ. ಮರುದಿನ ಅದರಲ್ಲಿ ನಾಯಿಗಿಂತ ಇರುವೆಗಳ ಪಾಲೇ ಹೆಚ್ಚು.

ಬೆಳಗಾದರೆ ಇದರ ತದ್ವಿರುದ್ಧ. ಸರಪಳಿ ಬಿಚ್ಚಿ, ಗೇಟು ತೆರೆದು, ನಾಯಿಯನ್ನು ಬೀದಿಗೆ ಬಿಡುತ್ತಾರೆ. “ತಾನ ಹೋಗಿ ತಾನ ಬರ್ತದ್ರಿ.” ಹಗಲೆಲ್ಲ ಕಟ್ಟಿಹಾಕಿದ ನಾಯಿ ಬಾಣದ ವೇಗದಲ್ಲಿ ಓಡುತ್ತದೆ. ನನ್ನದೋ ಇನ್ಯಾರದೋ ರಂಗೋಲಿಯ ಮೇಲೆ ಹೇಲುತ್ತದೆ, ಸೈಕಲ್ಲುಗಳ ಬೆನ್ನು ಹತ್ತುತ್ತದೆ. ಶಾಲೆಗೆ ಹೊರಟಿದ್ದ ಎದುರು ಮನೆಯ ಹುಡುಗ ಹೆದರಿ ಓಡಿ, ಗಟಾರದ ಕಲ್ಲಿಗೆ ಬಿದ್ದು, ಗದ್ದಕ್ಕೆ ಹೊಲಿಗೆ ಹಾಕಿಸಬೇಕಾಯಿತು. ಆಗಲೂ ಬಂದ ಮಾತು ಅದೇ: “ಅದು ಏನೂ ಮಾಡಂಗಿಲ್ರಿ, ಹುಡುಗನ ಸುಮ್ಮನ ಓಡಿದಾ.”

ಮುಧೋಳ ನಾಯಿಯನ್ನು ಕಂಬಕ್ಕೆ ಕಟ್ಟಿ ಇಡುವುದು ನನಗೆ ಇನ್ನಷ್ಟು ನೋವಿನ ಸಂಗತಿ. ಉದ್ದ ಕಾಲು, ಸಣ್ಣ ನಡು, ದೊಡ್ಡ ಎದೆಗೂಡಿನ ಈ ತಳಿ ಬಯಲುಸೀಮೆಯಲ್ಲಿ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗಲೆಂದು ಬೆಳೆದು ಬಂದದ್ದು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿಯನ್ನೂ ತಂದಿತು. ಅದಕ್ಕೆ ಓಡುವುದೆಂದರೆ ಉಸಿರಾಡಿದ ಹಾಗೆ. ಅದರ ಪಾಲಿಗೆ ಉಳಿದಿರುವುದು ಮಾತ್ರ ಆ ಅರ್ಧಚಂದ್ರ.

ಬೆಳಿಗ್ಗೆ ಸಂಜೆ ನಾನು ಸಾಮಾಯಿಕಕ್ಕೆ ಕೂರುತ್ತೇನೆ. ಎರಡು ಗಳಿಗೆ, ಅಂದರೆ 48 ನಿಮಿಷ, ಸಮಭಾವದಲ್ಲಿ ನಿಲ್ಲುವ ಅಭ್ಯಾಸ ಅದು. ಸಂಜೆ ಸರಿಯಾಗಿ ಆ ಹೊತ್ತಿಗೆ ನಾಯಿ ಶುರು ಮಾಡುತ್ತದೆ. ಬರಿಯ ಸದ್ದಾಗಿದ್ದರೆ ಕಷ್ಟವಿರಲಿಲ್ಲ. ಓಣಿಯ ಮದುವೆ ಪೆಂಡಾಲಿನ ಸ್ಪೀಕರಿನ ನಡುವೆಯೂ ಕೂತು ಎದ್ದವಳು ನಾನು. ಈ ಬೊಗಳಿಕೆಯ ಕಾರಣ ನನಗೆ ಗೊತ್ತಿದೆ, ಕಷ್ಟ ಅಲ್ಲಿದೆ. ಬೋಗುಣಿ ಮಗುಚಿದೆ, ಮಧ್ಯಾಹ್ನದಿಂದ ಅದು ನೀರು ಕುಡಿದಿಲ್ಲ. ಕಾರಣ ಗೊತ್ತಿದ್ದೂ ಕಣ್ಣು ಮುಚ್ಚಿ ಕೂತರೆ ಅದನ್ನು ಸಮಭಾವ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಶಾಸ್ತ್ರ ಈ ವಿಷಯದಲ್ಲಿ ಮಸುಕಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು. ಕೊಲ್ಲುವ ಮಾತು ಈ ಪಟ್ಟಿಯಲ್ಲಿ ಇಲ್ಲ. ಕೊಲ್ಲದೆಯೂ ಹಿಂಸೆ ಮಾಡುವ ಬಗೆಗಳಿವು. ಮುನಿಗಳಿಗಾಗಿ ಹೇಳಿದ್ದೂ ಅಲ್ಲ, ಮುನಿಗಳಿಗೆ ದನವೆಲ್ಲಿ, ಗಾಡಿಯೆಲ್ಲಿ? ಹಟ್ಟಿಯಲ್ಲಿ ಪ್ರಾಣಿ ಕಟ್ಟಿಕೊಂಡ ಗೃಹಸ್ಥರಿಗೆ ಹೇಳಿದ್ದು. ನಮ್ಮ ನಾಡಿನ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧನವನ್ನು ವಿವರಿಸುವಾಗ ಜೀವದ ಇಚ್ಛೆಯ ಕಡೆಯಿಂದ ನೋಡುತ್ತಾರೆ: ಅದು ಹೋಗಬಯಸಿದ ಕಡೆ ಹೋಗಗೊಡದಿರುವುದೇ ಬಂಧನ. ನಾಯಿ ನಮ್ಮ ಲೆಕ್ಕದಲ್ಲಿ ಸಂಜ್ಞಿ ಪಂಚೇಂದ್ರಿಯ ಜೀವ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳದ್ದು. ಇರುವೆಗೆ ಮೂರೇ ಇಂದ್ರಿಯ. ಇರುವೆಯ ಹೆಸರು ಹೇಳಿ ನನ್ನನ್ನು ಚುಚ್ಚಿದವರ ಅಂಗಳದಲ್ಲೇ ಬಿಸಿಲು, ಬಾಯಾರಿಕೆ, ಒಂಟಿತನ ಎಲ್ಲವನ್ನೂ ಅರಿಯಬಲ್ಲ ಜೀವವೊಂದು ಕಟ್ಟಿಬಿದ್ದಿದೆ.

ಸರ್ಕಾರದ ಕಾನೂನೂ ಇದನ್ನೇ ಹೇಳುತ್ತದೆ ಎಂದು ಓದಿ ತಿಳಿದಾಗ ನನಗೆ ಆಶ್ಚರ್ಯವಾಯಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಒಡೆಯ ಓಡಾಡಿಸದಿದ್ದರೆ ಅಪರಾಧ. ಅನ್ನ, ನೀರು, ನೆರಳು ಕೊಡದಿದ್ದರೂ ಅಪರಾಧ. ಮೊದಲ ತಪ್ಪಿಗೆ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ. ಆ ದುಡ್ಡಿಗೆ ಒಂದು ಕೊರಳಪಟ್ಟಿಯೂ ಬರುವುದಿಲ್ಲ. ಒಂದು ಜೀವದ ಬೇನೆಗೆ ಇಷ್ಟೇ ಬೆಲೆ ಕಟ್ಟಿ ಅದನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದೇವೆ ಎಂಬುದು ನಮ್ಮೆಲ್ಲರಿಗೂ ನಾಚಿಕೆಯ ವಿಷಯ.

ಇನ್ನು ಕ್ಷಮೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮೊದಲ ದಿನವೇ ಉತ್ತಮ ಕ್ಷಮೆಗೆ ಮೀಸಲು. ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಎಲ್ಲ ಜೀವಗಳನ್ನೂ ಕ್ಷಮಿಸುತ್ತೇವೆ, ಎಲ್ಲ ಜೀವಗಳಿಂದಲೂ ಕ್ಷಮೆ ಬೇಡುತ್ತೇವೆ. ಪಕ್ಕದ ಮನೆಯವರನ್ನು ಕ್ಷಮಿಸಿಬಿಡು ಎಂದು ನನ್ನ ತಂಗಿ ಹೇಳುತ್ತಾಳೆ. ಕ್ಷಮಿಸಿದ್ದೇನೆ. ಕೆಟ್ಟ ನಿದ್ದೆ, ಹೊಲಸಾದ ರಂಗೋಲಿ, ಗೇಟಿನ ಹತ್ತಿರದ ಆ ಮಾತು, ಇವೆಲ್ಲ ನನಗಾದವು, ಇವನ್ನು ಬಿಟ್ಟುಕೊಡುವ ಹಕ್ಕು ನನಗಿದೆ. ನಾಯಿಯ ಬಾಯಾರಿಕೆ ನನಗಾದದ್ದಲ್ಲ. ಹುಡುಗನ ಗದ್ದದ ಹೊಲಿಗೆಯೂ ನನ್ನದಲ್ಲ. ಅವನ್ನೂ ಸೇರಿಸಿ ‘ಹೋಗಲಿ ಬಿಡು’ ಎಂದರೆ ಪಕ್ಕದವರ ಕಣಜದ ಜೋಳ ತೆಗೆದು ದಾನ ಮಾಡಿದ ಹಾಗೆ. ಪುಣ್ಯ ನನ್ನದು, ಹಸಿವು ಅವರದು. ನೆರೆಹೊರೆಯಲ್ಲಿ ಸಹನೆ ಎಂದು ಹೊಗಳಿಸಿಕೊಳ್ಳುವ ಎಷ್ಟೋ ಮೌನಗಳು ಇಂಥ ದಾನಗಳೇ ಎಂದು ನಾನು ನಂಬುತ್ತೇನೆ.

ಓಣಿಯ ಹಿರಿಯರೊಬ್ಬರು “ಅದರ ಹಿಂದಿನ ಜನ್ಮದ ಕರ್ಮಾ ಅದು, ನೀವೇನ್ ಮಾಡ್ತೀರಿ?” ಎಂದರು. ಕರ್ಮಸಿದ್ಧಾಂತವನ್ನು ನಾನೂ ನಂಬಿದವಳೇ. ಆದರೆ ಅದರ ಕರ್ಮ ಅದಕ್ಕೆ, ನನ್ನದು ನನಗೆ. ಬಿಸಿಲಲ್ಲಿ ಬಿದ್ದ ಜೀವ ಹಳೆಯ ಕರ್ಮವನ್ನೇ ಉಣ್ಣುತ್ತಿರಬಹುದು. ಅದನ್ನು ನೋಡುತ್ತ ನಿಂತವಳು ಹೊಸದನ್ನು ಕಟ್ಟಿಕೊಳ್ಳುತ್ತಿದ್ದಾಳೆ.

ಇದಕ್ಕಿಂತ ಭೀಕರವಾದ ಸಲಹೆಯೂ ಬಂತು. ಹುಡುಗ ಬಿದ್ದ ದಿನ ಸಂಜೆ ನಾಲ್ಕೈದು ಜನ ಸೇರಿದ್ದಾಗ ಒಬ್ಬರು ದನಿ ತಗ್ಗಿಸಿ, “ಬ್ರೆಡ್ಡಿನ್ಯಾಗ ಒಂದೀಟು ಔಷಧ ಹಾಕಿದರ ಆತು” ಎಂದರು. ಹೊಲಕ್ಕೆ ಹೊಡೆಯುವ ಔಷಧ. ನನ್ನ ಕೈಕಾಲು ತಣ್ಣಗಾದವು. ತಪ್ಪು ಮಾಡಿದವರು ಎರಡು ಕಾಲಿನವರು, ಸಾಯಬೇಕಾದದ್ದು ನಾಲ್ಕು ಕಾಲಿನದ್ದು! ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನ ಕತೆ ಎಲ್ಲರಿಗೂ ಗೊತ್ತು. ಅದೇ ಭಾರತದ ಆದಿಪರ್ವದಲ್ಲಿ ಸರಮೆಯೂ ಇದ್ದಾಳೆ. ಯಾಗದ ಹವಿಸ್ಸನ್ನು ನೆಕ್ಕಿರದ, ನೋಡಿಯೂ ಇರದ ಅವಳ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಾಗ, ಆ ತಾಯಿ ಅರಸನ ಎದುರಿಗೆ ಬಂದು ನ್ಯಾಯ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಶಾಪ ಕೊಟ್ಟು ಹೋದಳು.

ಆ ಸಂಜೆ ನಾನು ಅವರಿಗೆ ಹೇಳಿದ್ದು ಜೀವಂಧರನ ಕತೆ. ಕನ್ನಡದಲ್ಲಿ ಭಾಸ್ಕರ ಕವಿ ಷಟ್ಪದಿಯಲ್ಲಿ ಹಾಡಿದ ಕತೆ ಅದು. ಯಾಗದ ಅನ್ನಕ್ಕೆ ಬಾಯಿ ಹಾಕಿತೆಂದು ಬಡಿಸಿಕೊಂಡು ಸಾಯುತ್ತ ಬಿದ್ದ ನಾಯಿಯ ಹತ್ತಿರ ರಾಜಕುಮಾರ ಜೀವಂಧರ ಕೂತು, ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನ ಕಷ್ಟಕಾಲಕ್ಕೆ ಬರುತ್ತದೆ. ಯಕ್ಷ ಬಂದದ್ದು ಕತೆಯ ಮುಂದಿನ ಭಾಗ. ನನ್ನ ಮನಸ್ಸು ನಿಲ್ಲುವುದು ಅವನು ನೆಲಕ್ಕೆ ಕೂತಲ್ಲಿ. ಯಾರ ತಪ್ಪು ಎಷ್ಟು ಎಂದು ಎಣಿಸುತ್ತ ನಿಲ್ಲದೆ ಅವನು ಮೊದಲು ಪ್ರಾಣಿಯ ಹತ್ತಿರ ಹೋದ. ಔಷಧದ ಮಾತು ಆಡಿದವರು ಮುಖ ತಿರುಗಿಸಿದರು. ಮತ್ತೆ ಆ ಮಾತು ಎತ್ತಿಲ್ಲ.

ಸಾಕುವವರ ಹೊಣೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಕಲ್ಲಿನ ಸಾಕ್ಷಿ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಹತ್ತನೆಯ ಶತಮಾನದ ನಡುವಿನದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಕಡೆ ಕಾದಿದ ಮಣಲೇರನಿಗೆ ಮೆಚ್ಚುಗೆ ಕೇಳು ಎಂದಾಗ ಅವನು ಕೇಳಿದ್ದು ರಾಷ್ಟ್ರಕೂಟ ಕೃಷ್ಣನ ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರಾಗಿ ನಿಂತಿವೆ. ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಬೇಟೆಯನ್ನು ನಾನು ಒಪ್ಪುವುದಿಲ್ಲ. ಕಾಳಿಯನ್ನು ಸಾವಿಗೆ ದೂಡಿದ್ದು ಮನುಷ್ಯರೇ. ಆದರೂ ಬೇಡಿ ತಂದ ನಾಯಿಯ ಋಣ ಅದು ಸತ್ತ ಮೇಲೂ ತೀರಲಿಲ್ಲ ಎಂದು ಆ ಬೇಟೆಗಾರ ತಿಳಿದಿದ್ದ. ನಮ್ಮ ಆಚಾರ್ಯರು ಗೃಹಸ್ಥರಿಗೆ ಪರಿಗ್ರಹಕ್ಕೆ, ಅಂದರೆ ಆಸ್ತಿಪಾಸ್ತಿಗೆ, ಮಿತಿ ಹಾಕಿಕೊಳ್ಳಿ ಎನ್ನುವಾಗ ಹೊಲ, ಮನೆ, ಧಾನ್ಯದ ಜೊತೆಗೆ ನಾಲ್ಕು ಕಾಲಿನ ಪ್ರಾಣಿಗಳನ್ನೂ ಎಣಿಸಿದ್ದಾರೆ. ನೋಡಿಕೊಳ್ಳಲು ಆಗದಷ್ಟನ್ನು ಕಟ್ಟಿಕೊಳ್ಳಬಾರದು. ನಾಯಿ ಒಂದೇ ಇರಬಹುದು. ಅದಕ್ಕೆ ಹೊತ್ತು ಕೊಡಲಾಗದ ಮನೆಗೆ ಆ ಒಂದೂ ಹೆಚ್ಚೇ.

ಇಷ್ಟನ್ನೆಲ್ಲ ಪಕ್ಕದ ಮನೆಯವರ ಮುಂದೆ ಹೇಳಲಿಲ್ಲ. ಮಧ್ಯಾಹ್ನ ಅವರ ತಾಯಿ ಒಬ್ಬರೇ ಇದ್ದಾಗ ಹೋಗಿ ಮಾತಾಡಿದೆ. ಹಿಂದಿನ ಓಣಿಯಲ್ಲಿ ಕಳ್ಳತನವಾದ ಮೇಲೆ ಮಗ ನಾಯಿ ತಂದನಂತೆ. ಆ ಅಜ್ಜಿಗೂ ನಾಯಿಯೆಂದರೆ ಭಯ, ಬಿಚ್ಚಲು ಹತ್ತಿರ ಹೋಗುವುದಿಲ್ಲ. ಹೆದರಿದ ಮನೆ, ಕಟ್ಟಿದ ನಾಯಿ. ಮಗ ಬಂದ ಮೇಲೆ ಮತ್ತೆ ಹೋದೆ. ನೀರಿಗೆ ಮಗುಚದಂಥ ಭಾರದ ಕಲ್ಲಿನ ಬಾನಿ ನನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದೆ, ತಂದು ಇಡುತ್ತೇನೆ ಎಂದೆ. ಬೆಳಿಗ್ಗೆ ಹಗ್ಗ ಹಿಡಿದು ಓಡಾಡಿಸಲು ಓಣಿಯ ಕೊನೆಯ ಮನೆಯ ಕಾಲೇಜು ಹುಡುಗ ಒಪ್ಪಿದ್ದಾನೆ ಎಂದೆ. ಜೊತೆಗೇ ಇನ್ನೊಂದನ್ನೂ ಸ್ಪಷ್ಟವಾಗಿ ಹೇಳಿದೆ: “ಸಾಲಿ ಹೊತ್ತಿಗೆ ಬಿಚ್ಚಿ ಬಿಟ್ಟರ ನಾನು ಪೊಲೀಸರಿಗೆ ಬರದು ಕೊಡ್ತೀನ್ರಿ. ಹೊಸ ನ್ಯಾಯ ಸಂಹಿತೆಯ 291ನೇ ಕಲಮಿನ್ಯಾಗ ಆರು ತಿಂಗಳ ತನಕಾ ಜೈಲು, ಇಲ್ಲಾ ಐದು ಸಾವಿರದ ತನಕಾ ದಂಡ, ಎರಡೂ ಆಗಬಹುದು.” ಅವರ ಮುಖ ಬಿಗಿಯಿತು. “ಅಕ್ಕೋರ, ನೀವು ಹೀಂಗ ಮಾತಾಡ್ತೀರಿ ಅಂದ್ಕೊಂಡಿರಲಿಲ್ಲ” ಎಂದರು. ಹೇಳುವಾಗ ನನ್ನ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದ ದಿನ ಅವರ ಗೇಟು ದಾಟಬಾರದು ಎಂದು ನಾನೇ ಹಾಕಿಕೊಂಡ ನಿಯಮವಿದೆ.

ಬಾನಿ ಈಗ ಕಂಬದ ಹತ್ತಿರವಿದೆ. ಸರಪಳಿಯ ಬದಲು ಗೋಡೆಯುದ್ದಕ್ಕೂ ತಂತಿ ಎಳೆದು, ಅದಕ್ಕೊಂದು ಬಳೆ ಹಾಕಿ ಹಗ್ಗ ಕಟ್ಟಿದ್ದಾರೆ. ಹಿತ್ತಲ ಬೇವಿನ ನೆರಳಿನವರೆಗೂ ನಾಯಿ ಹೋಗಿ ಬರುತ್ತದೆ. ರಾತ್ರಿ ಇನ್ನೂ ಬೊಗಳುತ್ತದೆ, ಅದನ್ನು ನಾನು ಸಹಿಸುತ್ತೇನೆ. ಬೀದಿಗೆ ಬಿಡುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯ ಕಾರ್ಡು ಕೇಳಿದರೆ ಇಲ್ಲೇ ಎಲ್ಲೋ ಇದೆ ಎನ್ನುತ್ತಾರೆ, ತೋರಿಸಿಲ್ಲ. ಸಿಗದಿದ್ದರೆ ಹೊಸದಾಗಿ ಹಾಕಿಸೋಣ, ಸೋಮವಾರ ಪಶು ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ ಎಂದಿದ್ದೇನೆ. ನಾಯಿ ಅಂದರೆ ಆಟೋದವರು ಹಿಂದೆ ಸರಿಯುತ್ತಾರೆ. ಒಪ್ಪುವ ಒಬ್ಬರನ್ನು ಅಷ್ಟರೊಳಗೆ ಹುಡುಕಬೇಕು.