ಬಿರುಕಿಗೊಂದು ದಾರಿ

ಕೊಣ್ಣೂರಿನಲ್ಲಿ ದೇವರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯ ಮುಂದೆ ಕೆಲಸವಿಲ್ಲದಿದ್ದರೂ ನಿಂತುಬಿಡುತ್ತೇನೆ, ಗಾಜು ಕೊಯ್ಯುವುದನ್ನು ನೋಡಲಿಕ್ಕೆ. ಹಲಗೆಯ ಮೇಲೆ ಗಾಜು ಹಾಸಿ, ಪಟ್ಟಿ ಒತ್ತಿ ಹಿಡಿದು, ಸೀಮೆಎಣ್ಣೆಯಲ್ಲಿ ಅದ್ದಿದ ಕಟರನ್ನು ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿನಲ್ಲಿ ಎಳೆಯುತ್ತಾರೆ. ಚರ್ರೆಂಬ ಸದ್ದು. ಉಳಿಯುವುದು ಕೂದಲೆಳೆಯಷ್ಟು ಬಿಳಿ ಗೀರು. ಹಲಗೆಯ ಅಂಚಿಗೆ ಸರಿಸಿ ಮೆಲ್ಲಗೆ ಒತ್ತಿದರೆ ಟಕ್ಕನೆ ಎರಡು. "ಗೀರಿನ ಮ್ಯಾಲೆ ಮತ್ತ ಗೀರು ಎಳೀಬಾರ್ದ್ರಿ" ಎನ್ನುತ್ತಾರೆ ಅಂಗಡಿಯವರು. ಎಳೆದರೆ ಬಿರುಕು ದಾರಿ ತಪ್ಪುತ್ತದೆ, ಕಟರಿನ ಚಕ್ರವೂ ಮೊಂಡಾಗುತ್ತದೆ.

ಕೈಜಾರಿ ಬಿದ್ದರೆ ಮನಬಂದಂತೆ ಚೂರಾಗುವ ಗಾಜು ಇಲ್ಲಿ ಗೀರು ಬಿಟ್ಟು ಕದಲುವುದಿಲ್ಲವಲ್ಲ! 1920ರ ಸುಮಾರಿಗೆ ಇಂಗ್ಲೆಂಡಿನ ಎ.ಎ. ಗ್ರಿಫಿತ್ ಇದರ ಒಳಗುಟ್ಟನ್ನು ಲೆಕ್ಕಹಾಕಿ ತೋರಿಸಿದ. ಕಣಗಳ ಬೆಸುಗೆಯ ಬಲ ನೋಡಿದರೆ ಗಾಜು ಬಹಳ ಗಟ್ಟಿ ಇರಬೇಕು. ಅದನ್ನು ಸೋಲಿಸುವುದು ಮೈಮೇಲಿನ, ಕಣ್ಣಿಗೆ ಕಾಣದ ಬಿರುಕುಗಳು. ಬಾಗಿಸಿದಾಗ ಎಳೆತವೆಲ್ಲ ಬಿರುಕಿನ ತುದಿಗೆ ಬಂದು ನಿಲ್ಲುತ್ತದೆ. ಕಟರು ಮಾಡುವುದಿಷ್ಟೇ: ಇದ್ದ ಬಿರುಕುಗಳೆಲ್ಲಕ್ಕಿಂತ ಆಳವಾದ ಒಂದನ್ನು, ನಮಗೆ ಬೇಕಾದಲ್ಲಿ ಹುಟ್ಟಿಸುವುದು. ಗಾಳಿಯ ತೇವವೂ ಕೈಜೋಡಿಸುತ್ತದೆ. ನೀರಿನ ಕಣ ಬಿರುಕಿನ ತುದಿಗೆ ಹೊಕ್ಕು ಸಿಲಿಕಾನ್, ಆಮ್ಲಜನಕಗಳ ಬೆಸುಗೆ ಬಿಡಿಸುತ್ತದೆ. ಕಲ್ಲಿಗೂ ಬಿರುಕಿನ ಇದೇ ಪಾಠ: ನಮ್ಮೂರ ಮಲಪ್ರಭೆ ಹೊಳೆ ಮುಂದೆ ಹರಿದುಹೋಗುವ ಪಟ್ಟದಕಲ್ಲು, ಐಹೊಳೆಗಳ ಕಡೆ ಬಂಡೆ ಸೀಳಲು ಸಾಲಾಗಿ ತೋಡಿದ ಬೆಣೆಗುಳಿಗಳಿವೆ. ಆ ಕಲ್ಲುಕುಟಿಗರು ಗ್ರಿಫಿತ್‌ನನ್ನು ಓದಿರಲಿಲ್ಲ, ಆದರೆ ಬಿರುಕನ್ನು ಬಲ್ಲವರಾಗಿದ್ದರು. ಅವರು ಸೀಳಿದ್ದು ಮರಳುಗಲ್ಲು. ಗಾಜೂ ಕರಗಿದ ಮರಳೇ.

ನೇರ ಗೀರೇ ಇಷ್ಟು ಸೋಜಿಗವಾದರೆ ಬಾಗಿದ್ದು? ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಿಂದ ಬಂದ ಬಣ್ಣದ ಗಾಜಿನ ಛಾವಣಿಯಿದೆ. ಅದರ ನವಿಲುಗಳನ್ನು ತಲೆಯೆತ್ತಿ ನೋಡುವಾಗ ನನಗೆ ಬಣ್ಣಕ್ಕಿಂತ ಮೊದಲು ಕಾಣುವುದು ಆ ತುಂಡುಗಳ ಅಂಚು. ಬಿರುಕಿಗೆ ನೇರ ಓಡುವ ಹಂಬಲ. ಅದನ್ನು ಬಳುಕಿಸಬೇಕಾದರೆ ಗೀರಿನ ಅಡಿಯಿಂದ ಹಗುರವಾಗಿ ತಟ್ಟುತ್ತ ತುಸುತುಸುವೇ ನಡೆಸಬೇಕು. ಒಳಬಾಗಂತೂ ಒಂದೇ ಸಲಕ್ಕೆ ಬರುವುದಿಲ್ಲ. ಒಂದರೊಳಗೊಂದು ಗೀರೆಳೆದು, ಪದರಪದರವಾಗಿ ಬಿಡಿಸಿ, ಉಳಿದದ್ದನ್ನು ಇಕ್ಕಳದಿಂದ ಚೂರುಚೂರೇ ಕಡಿಯಬೇಕು. 12ನೇ ಶತಮಾನದ ಯೂರೋಪಿನಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ಬರೆದ ಕೈಪಿಡಿಯಲ್ಲಿ ಕಟರೇ ಇಲ್ಲ. ಕಾದ ಕಬ್ಬಿಣದ ಮೊನೆಯನ್ನು ಮುಂದೆ ಮುಂದೆ ಸರಿಸುತ್ತಿದ್ದರು, ಬಿರುಕು ಬಿಸಿಯ ಹಿಂದೆ ಬರುತ್ತಿತ್ತು. ಇಗರ್ಜಿಗಳ ಕಿಟಕಿಯ ಸಂತರ ಮುಖ, ಸೆರಗು, ಬೆರಳುಗಳೆಲ್ಲ ಹಾಗೆ ಕರೆತಂದ ಬಿರುಕುಗಳು ಎಂದುಕೊಂಡಾಗ ಮೈ ಜುಮ್ಮೆನ್ನುತ್ತದೆ.

ಯಾರ ಮಾತನ್ನೂ ಕೇಳದ ಗಾಜು ಒಂದಿದೆ: ಟಫನ್ಡ್ ಗಾಜು. ಕಾಯಿಸಿ ಥಟ್ಟನೆ ತಣಿಸಿದ್ದರಿಂದ ಅದರ ಮೈ ಬಿಗಿದು ಕೂತಿರುತ್ತದೆ, ಒಳಗೆಲ್ಲ ಎಳೆತ. ಗೀರು ಆ ಬಿಗಿಯನ್ನು ದಾಟಿ ಒಳಗಿಳಿದರೆ ಇಡೀ ಹಾಳೆ ಕಾಳುಕಾಳಾಗಿ ಸುರಿಯುತ್ತದೆ. ಅಳತೆಗೆ ಕೊಯ್ಯುವುದಿದ್ದರೆ ಕುಲುಮೆಗೆ ಹೋಗುವ ಮೊದಲೇ ಕೊಯ್ದಿರಬೇಕು.